ವಿಭೂತಿ ಒರೆಸಿದ ಹೆಬ್ಬೆರಳು

ಸೇಫ್ಟಿ ಪಿನ್ನಿನ ತುದಿ ಡಬ್ಬಿಯ ಸಣ್ಣ ತೂತಿನೊಳಗೆ ಇಳಿದಾಗಿತ್ತು. ಇನ್ನೊಂದು ಎಳ್ಳಿನಷ್ಟು ಒತ್ತಿದ್ದರೆ ಗಿರಿರಾಜನ ಕೊನೆಯ ಸಂಜೆ ಅಳಿಸಿಹೋಗುತ್ತಿತ್ತು.

ಕುಸುಮಾ ಕೈ ತಡೆದಳು.

ವಿಜಯನಗರದ ಮಾರ್ಕೆಟ್ ರಸ್ತೆಯ ಈ ಎಂಟಡಿ ಅಂಗಡಿಯಲ್ಲಿ ಹದಿನಾರು ವರ್ಷದಿಂದ ಫೋನು, ರೂಟರು ರಿಪೇರಿ ಮಾಡಿದ ಕೈ ಅದು. ಕೆಂಪು ದೀಪ ಕಂಡರೆ ಪಿನ್ ಚುಚ್ಚು, ಹತ್ತು ಎಣಿಸು, ಬಿಡು. ಕೈಗೆ ಅಷ್ಟೇ ಗೊತ್ತು. ಅದು ತನ್ನ ಪಾಡಿಗೆ ತಾನು ಹೊರಟಿತ್ತು. ಹಾಗೆ ಒತ್ತಿದರೆ ಡಬ್ಬಿ ಸರಿಹೋಗುತ್ತೆ, ಆದರೆ ಹಿಂದಿನದೆಲ್ಲ ಮರೆಯುತ್ತೆ ಅನ್ನುವುದು ಕೊನೇ ಗಳಿಗೆಯಲ್ಲಿ ತಲೆಗೆ ಹೊಳೆಯಿತು. ಗಂಡ ಸತ್ತ ಇಪ್ಪತ್ತೆರಡು ದಿನದಲ್ಲಿ ತಲೆ ಮಾಡಿದ ಮೊದಲ ಕೆಲಸ ಅದೇ ಇರಬೇಕು.

ಪಿನ್ನನ್ನು ಸೆರಗಿನ ಅಂಚಿಗೆ ಸಿಕ್ಕಿಸಿದಳು. ಮೊದಲೆಲ್ಲ ಪಿನ್ನುಗಳು ಮಾಂಗಲ್ಯದ ಸರದಲ್ಲಿ ತೂಗುತ್ತಿದ್ದವು. ಈಗ ಅವಕ್ಕೂ ಜಾಗ ಬದಲಾಗಿದೆ.

“ಯಾಕ ನಿಂತಿ ತಂಗಿ? ಚುಚ್ಚಲಿಲ್ಲಾ?” ಬೆಂಚಿನ ಮೇಲಿಂದ ಗುರವ್ವ ಕೇಳಿದಳು.

“ಚುಚ್ಚಿದ್ರೆ ಡಬ್ಬಿ ಬದುಕುತ್ತೆ ಗುರವ್ವ. ಸಾಕ್ಷಿ ಸಾಯುತ್ತೆ.”

“ಹಂಗಾರ ಬ್ಯಾಡ ತಗೀ.”

ಗುರವ್ವ ಲಿಂಗಸುಗೂರಿನ ಕಡೆಯವಳು. ಅವಳ ಮಗ ಅಮರೇಶ ನಾಯಂಡಹಳ್ಳಿಯ ಲೇತ್ ಶೆಡ್ಡಿನಲ್ಲಿ ಗಿರಿರಾಜನ ಕೈಕೆಳಗೆ ಆರು ವರ್ಷ ದುಡಿದವನು. ಈಗ ಗಿರಿರಾಜನನ್ನು ಕೊಂದ ಆರೋಪದ ಮೇಲೆ ಜೈಲಿನಲ್ಲಿದ್ದಾನೆ. ಕೊಂದವನೆನ್ನಿಸಿಕೊಂಡವನ ತಾಯಿ ದಿನಾ ಬಂದು ಸತ್ತವನ ಹೆಂಡತಿಯ ಅಂಗಡಿಯಲ್ಲಿ ಕೂರುತ್ತಾಳೆ. ಮಾರ್ಕೆಟ್ಟಿನ ಜನಕ್ಕೆ ಅದೊಂದು ತಮಾಷೆ. ಹೂವಿನವಳು ಬಾಯಿಬಿಟ್ಟೇ ಕೇಳಿದ್ದಳು, “ನಿನಗೇನು ಹೊಟ್ಟೆ ಉರಿಯಲ್ವೇನೇ?” ಅಂತ. ಕುಸುಮಾ ಹುಡುಕಿ ನೋಡಿದ್ದಳು. ಹೊಟ್ಟೆ ಉರಿಯಲಿಲ್ಲ. ಏನೂ ಆಗಲಿಲ್ಲ. ಎದೆಯೊಳಗೆ ಹಲ್ಲಿನ ಡಾಕ್ಟರು ಸೂಜಿ ಹಾಕಿದ ದವಡೆಯ ಹಾಗೆ ಒಂದು ದಪ್ಪನೆಯ ಭಾರ ಮಾತ್ರ.

ನಾಳೆ ಹನ್ನೊಂದು ಗಂಟೆಗೆ ಅಮರೇಶನ ಜಾಮೀನಿನ ವಿಚಾರಣೆ. ಇದು ತಪ್ಪಿದರೆ ವರ್ಷಗಟ್ಟಲೆ ಒಳಗೇ ಎಂದು ವಕೀಲರು ಹೇಳಿಬಿಟ್ಟಿದ್ದಾರೆ.

ಪೊಲೀಸರ ಲೆಕ್ಕ ಸರಳ. ಶೆಡ್ಡಿನ ಕ್ಯಾಮೆರಾ ಸಂಜೆ ಐದು ಗಂಟೆ ಎಂಟು ನಿಮಿಷಕ್ಕೆ ನಿಂತಿತು. ಅಮರೇಶ ಐದೂ ನಲವತ್ತಕ್ಕೆ ಶೆಡ್ಡು ಬಿಟ್ಟ. ಆರರಿಂದ ಏಳೂಕಾಲರವರೆಗೆ ಅನ್ನಪೂರ್ಣೇಶ್ವರಿ ನಗರದ ಅಪಾರ್ಟ್‌ಮೆಂಟಿನಲ್ಲಿ ಪಂಪಿನ ಶಾಫ್ಟ್ ಕೂರಿಸುತ್ತಿದ್ದ, ಅಲ್ಲಿನ ಕ್ಯಾಮೆರಾದಲ್ಲಿ ಇದ್ದಾನೆ. ಏಳೂವರೆಗೆ ಪಕ್ಕದ ಶೆಡ್ಡಿನ ಚಿಕ್ಕಮುನಿಯಪ್ಪ ಶಟರ್ ಎತ್ತಿ ನೋಡಿದರೆ ಗಿರಿರಾಜ ಅಟ್ಟದ ಏಣಿಯ ಕೆಳಗೆ, ಲೇತಿನ ಕಬ್ಬಿಣಕ್ಕೆ ತಲೆ ಒಡೆದು ಬಿದ್ದಿದ್ದ. ಚಿಕ್ಕಮುನಿಯಪ್ಪ ಶಟರ್ ತೆರೆದೇ ಬಿಟ್ಟು ಜನ ಕರೆಯಲು ಓಡಿದ. ಪೊಲೀಸರು ಬಂದಾಗ ಗಿರಿರಾಜನ ಫೋನು ಇರಲಿಲ್ಲ. ಹಾಗಾದರೆ ಅಮರೇಶನೇ ಕ್ಯಾಮೆರಾದ ಡಬ್ಬಿ ಆರಿಸಿದ, ಹೊಡೆದ, ಫೋನು ಕದ್ದು ಎಸೆದ, ಹೋದ. ಮುಗಿಯಿತು.

ಕ್ಯಾಮೆರಾ ಪೊಲೀಸರ ಹತ್ತಿರ ಉಳಿಯಿತು. ಸಿಮ್ ಹಾಕಿ ಇಂಟರ್ನೆಟ್ ಕೊಡುವ ಅಂಗೈಯಗಲದ ಈ ರೂಟರನ್ನು ಮಾತ್ರ ಹೆಡ್ ಕಾನ್‌ಸ್ಟೇಬಲ್ ಶಂಭುಲಿಂಗಪ್ಪ ಮೊನ್ನೆ ತಂದುಕೊಟ್ಟಿದ್ದರು. “ಕೆಂಪು ದೀಪ ಬಿಟ್ರೆ ಇದ್ರಲ್ಲಿ ಏನೂ ಇಲ್ಲಮ್ಮ. ಕೆಟ್ಟೋಗಿದೆ. ರಿಪೇರಿಯೋರು ನೀವೇ ಅಲ್ವಾ, ಇಟ್ಕೊಳಿ.”

ಕೆಟ್ಟಿರಲಿಲ್ಲ. ಅದು ಕುಸುಮಾಗೆ ಈಗ ಲ್ಯಾಪ್‌ಟಾಪ್ ತೆರೆದ ಮೇಲೆ ಗೊತ್ತಾಯಿತು.

ಡಬ್ಬಿ ತನ್ನ ದಿನಚರಿಯನ್ನು ತಾನೇ ಬರೆದಿಟ್ಟಿತ್ತು. 17:08, ಹೊಸ ಫರ್ಮ್‌ವೇರ್ ಬಂತು. ಅಂದರೆ ಡಬ್ಬಿಗೆ ಕೆಲಸ ಹೇಳಿಕೊಡುವ ಒಳಗಿನ ತಂತ್ರಾಂಶವನ್ನು ಕಂಪನಿ ದೂರದಿಂದಲೇ ಬದಲಾಯಿಸಿತು. ಡಬ್ಬಿ ಆರಿ ಹೊತ್ತಿಕೊಂಡಿತು. ಹೊತ್ತಿಕೊಂಡಾಗ ಕುಸುಮಾ ಇಟ್ಟಿದ್ದ ಹೆಸರು, ಪಾಸ್‌ವರ್ಡ್, ಸಿಮ್ಮಿಗೆ ಇಂಟರ್ನೆಟ್ಟಿನ ಬಾಗಿಲು ತೋರಿಸುವ ಎಪಿಎನ್, ಎಲ್ಲ ಮರೆತಿತ್ತು. ಕಾರ್ಖಾನೆಯಿಂದ ಬಂದ ದಿನದ ಹೆಸರು, ಬೆನ್ನಿನ ಲೇಬಲ್ಲಿನಲ್ಲಿ ಅಚ್ಚಾದ ಪಾಸ್‌ವರ್ಡ್ ಮಾತ್ರ ಉಳಿದಿತ್ತು. ಹಳೇ ಹೆಸರನ್ನೇ ಹುಡುಕುತ್ತ ಕ್ಯಾಮೆರಾ ಕುರುಡಾಯಿತು.

ಯಾರೂ ಆರಿಸಿರಲಿಲ್ಲ. ಅಪ್‌ಡೇಟ್ ತನ್ನಷ್ಟಕ್ಕೆ ಆಗಲಿ ಎಂದು ಸೆಟ್ಟಿಂಗ್ ಇಟ್ಟುಕೊಟ್ಟವಳು ಅವಳೇ. “ಸೇಫ್ ಕಣ್ರೀ, ಹಂಗೇ ಇರ್ಲಿ” ಅಂದಿದ್ದಳು ಗಂಡನಿಗೆ.

ಆ ನೆನಪು ಬಂದು, ಬಾಗಿಲಲ್ಲಿ ನಿಂತು, ಹೊರಟುಹೋಯಿತು. ಟೀ ಗುಟುಕರಿಸಿದಳು. ಆರಿಹೋಗಿತ್ತು. ಕುಡಿದಳು.

ದಿನಚರಿಯ ಮುಂದಿನ ಸಾಲುಗಳ ತಾರೀಕು ನೋಡಿದರೆ ಯಾರಾದರೂ ನಗಬೇಕು. ಸಾವಿರದ ಒಂಬೈನೂರ ಎಪ್ಪತ್ತು, ಜನವರಿ ಒಂದು. ಇಂಟರ್ನೆಟ್ ಇಲ್ಲದಿದ್ದರೆ ಈ ಡಬ್ಬಿಗಳಿಗೆ ಹೊತ್ತು ತಿಳಿಯುವುದಿಲ್ಲ. ಹುಟ್ಟಿದ ಮಗುವಿನ ಹಾಗೆ ಆ ತಾರೀಕಿನ ಸೊನ್ನೆ ಗಂಟೆಯಿಂದ ಎಣಿಸಲು ಶುರುಮಾಡುತ್ತವೆ. ಅಲ್ಲಿ ಒಂದು ಸಾಲು ಇತ್ತು:

01:34. ಸೇರಿದ ಸಾಧನ: ಗಿರಿ ಲೇತ್.

‘ಗಿರಿ ಲೇತ್’ ಗಂಡನ ಫೋನಿಗೆ ಅವಳೇ ಇಟ್ಟ ಹೆಸರು.

ಬೆರಳು ಮಡಿಸಿ ಎಣಿಸಿದಳು. ಐದೂ ಎಂಟಕ್ಕೆ ಡಬ್ಬಿ ಮರುಹುಟ್ಟು. ಅಲ್ಲಿಂದ ಒಂದು ಗಂಟೆ ಮೂವತ್ತನಾಲ್ಕು ನಿಮಿಷ. ಆರೂ ನಲವತ್ತೆರಡು, ಒಂದೆರಡು ನಿಮಿಷ ಆಚೀಚೆ.

ಆರೂ ನಲವತ್ತೆರಡಕ್ಕೆ ಶೆಡ್ಡಿನೊಳಗೆ ಯಾರೋ ಗಿರಿರಾಜನ ಫೋನಿನಲ್ಲಿ ಹೊಸ ಪಾಸ್‌ವರ್ಡ್ ಒತ್ತಿದ್ದರು. ಆಗ ಅಮರೇಶ ಆರೇಳು ಕಿಲೋಮೀಟರು ಆಚೆ, ಇನ್ನೊಂದು ಕ್ಯಾಮೆರಾದ ಮುಂದಿದ್ದ. ಕುಸುಮಾ ಇಲ್ಲೇ ಕೂತು ಯಾರದೋ ಫೋನಿನ ಗಾಜು ಬದಲಾಯಿಸುತ್ತಿದ್ದಳು. ಮಗಳು ಅನು ಟ್ಯೂಷನ್ನಿಗೆಂದು ಹೋಗಿದ್ದಳು.

ಅದರ ಕೆಳಗೆ ಒಂದೇ ಥರದ ಸಾಲುಗಳು. ಇಂಟರ್ನೆಟ್ಟಿಗೆ ಪ್ರಯತ್ನ, ವಿಫಲ. ಹನ್ನೊಂದು ಸಲ.

“ಗುರವ್ವ, ನಿನ್ನ ಮಗ ಅಲ್ಲ” ಎಂದಳು ಕುಸುಮಾ. ಸೊಪ್ಪಿಗೆ ಉಪ್ಪು ಸಾಲದು ಅನ್ನುವ ದನಿಯಲ್ಲಿ.

ಗುರವ್ವ ಕೈ ಮುಗಿಯಲಿಲ್ಲ, ಅಳಲಿಲ್ಲ. “ಅದು ನನಗ ಮದಲ ಗೊತ್ತಿತ್ತವ್ವ. ಕೋರ್ಟಿನವರಿಗೆ ಹೆಂಗ ಹೇಳ್ತಿ?”

ಅದೇ ತೊಡಕು. ಎಪ್ಪತ್ತನೇ ಇಸವಿಯ ತಾರೀಕು ಹಿಡಿದುಕೊಂಡು ಹೋದರೆ ಯಾವ ನ್ಯಾಯಾಧೀಶರು ನಂಬುತ್ತಾರೆ? ಫೋನು ಬೇಕು. ಫೋನು ಸಿಕ್ಕಿದರೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಬಹುದು.

ಕುಸುಮಾ ಡಬ್ಬಿಯನ್ನು ತಿರುಗಿಸಿದಳು.

ಹೊರಗಿನ ಆಂಟೆನಾದ ವೈರು ಎಟುಕಲೆಂದು ಶೆಡ್ಡಿನ ಕಿಟಕಿ ಪಕ್ಕದ ಗೋಡೆಗೆ ಅದನ್ನು ತೂಗುಹಾಕಿದ್ದ ಮೊಳೆ ಹೇಗಿತ್ತೆಂದರೆ, ಡಬ್ಬಿಯ ಮುಖ ಗೋಡೆಗೆ, ಬೆನ್ನು ಹೊರಗೆ, ದೀಪದ ಬೆಳಕು ಗೋಡೆಯ ಮೇಲೆ. ಆಯುಧಪೂಜೆಯ ದಿನ ಗಿರಿರಾಜ ಲೇತಿಗೆ, ಡ್ರಿಲ್ಲಿಗೆ, ಸ್ಪ್ಯಾನರಿಗೆ ಬಳಿದಂತೆ ಇದರ ಬೆನ್ನಿಗೂ ಮೂರು ಬೆರಳ ವಿಭೂತಿ ಬಳಿದು, ನಡುವೆ ಕುಂಕುಮ ಇಟ್ಟಿದ್ದ. ಲೇಬಲ್ಲಿನ ಮೇಲೇ ಬಳಿದುಬಿಟ್ಟಿದ್ದ. ಕುಸುಮಾ ಬೈದಿದ್ದಳು. “ಅಲ್ರೀ, ಪಾಸ್‌ವರ್ಡ್ ಇರೋದು ಅಲ್ಲೇ.” ಅವನು ನಕ್ಕಿದ್ದ. “ದೇವ್ರು ಕಾಯ್ತಾನೆ ಬಿಡೇ ನಿನ್ನ ಪಾಸ್‌ವರ್ಡ್‌ನ.”

ಆ ಶೆಡ್ಡಿನಲ್ಲಿ ಒಂದು ಕಟ್ಟಳೆ. ಪೂಜೆಯ ವಿಭೂತಿಯನ್ನು ಮುಂದಿನ ಪೂಜೆಯವರೆಗೆ ಯಾರೂ ಒರೆಸಬಾರದು. ತಾನಾಗಿ ಉದುರಿದರೆ ಉದುರಲಿ. ಒಮ್ಮೆ ಅಮರೇಶ ಎಣ್ಣೆ ಬಟ್ಟೆಯಿಂದ ಡ್ರಿಲ್ಲಿನ ವಿಭೂತಿ ಒರೆಸಿ, ಇಡೀ ದಿನ ಬೈಗುಳ ತಿಂದಿದ್ದ.

ಈಗ ಡಬ್ಬಿಯ ಬೆನ್ನಿನ ಮೇಲೆ ಆ ಒಣಗಿದ ಬೂದಿಯ ನಡುವೆ ಒಂದು ಗೆರೆ. ಒದ್ದೆ ಬೆರಳಿಂದ ಉಜ್ಜಿದ ಗೆರೆ. ಲೇಬಲ್ಲಿನಲ್ಲಿ ಆರು ಸಾಲು ಇದ್ದವು. ಒರೆಸಿದ್ದು ನಾಲ್ಕನೆಯದನ್ನು ಮಾತ್ರ. ಪಾಸ್‌ವರ್ಡಿನ ಎಂಟು ಅಕ್ಷರ, ಅಷ್ಟೇ.

ಗಿರಿರಾಜ ಒರೆಸುವವನಲ್ಲ. ನೆಟ್ ಹೋದರೆ ಅವನು ಡಬ್ಬಿ ಮುಟ್ಟುತ್ತಿರಲಿಲ್ಲ. ತಗಡಿನ ಶೆಡ್ಡಿನೊಳಗೆ ಸಿಗ್ನಲ್ ಬರುವುದಿಲ್ಲವೆಂದು ರಸ್ತೆಗೆ ಬಂದು, “ಲೇ ಕುಸುಮಾ, ನಿನ್ನ ಡಬ್ಬಿ ಮತ್ತೆ ಮುನಿಸ್ಕೊಂಡಿದೆ” ಅಂತ ಫೋನ್ ಮಾಡುತ್ತಿದ್ದ.

ಹತ್ತು ಹೆಜ್ಜೆ ಇಟ್ಟರೆ ರಸ್ತೆ. ರಸ್ತೆಯಲ್ಲಿ ಸಿಗ್ನಲ್. ಹಾಗಿದ್ದೂ ಒಳಗೇ ನಿಂತು ಹನ್ನೊಂದು ಸಲ ಯಾಕೆ ಒದ್ದಾಡಬೇಕು?

ಹೊರಗೆ ಬರಲಾಗದವರು ಯಾರೋ.

ಆ ಯೋಚನೆಯನ್ನು ಪಕ್ಕಕ್ಕಿಟ್ಟು ಕುಸುಮಾ ಕೆಲಸ ಮುಗಿಸಿದಳು. ಪಿನ್ ಚುಚ್ಚದೆ, ಏನನ್ನೂ ಅಳಿಸದೆ, ಎಪಿಎನ್ ಒಂದನ್ನೇ ತುಂಬಿದಳು. ತನ್ನ ಹೊಸ ಸಿಮ್ ಹಾಕಿದಳು. ದೀಪ ಮಿಣುಕಿ ಮಿಣುಕಿ ಹಸಿರಾಯಿತು. ಹೆಸರು, ಪಾಸ್‌ವರ್ಡ್ ಹಾಗೇ ಬಿಟ್ಟಳು. ಆ ಸಂಜೆ ಯಾವ ಫೋನಿಗೆ ಈ ಪಾಸ್‌ವರ್ಡ್ ಗೊತ್ತಾಯಿತೋ ಅದು ಎಲ್ಲೇ ಇರಲಿ, ಹೊತ್ತಿಕೊಂಡು ಈ ಡಬ್ಬಿಯ ಹತ್ತಿರ ಬಂದರೆ ತಾನಾಗಿ ಸೇರಿಕೊಳ್ಳುತ್ತೆ. ದನ ಕೊಟ್ಟಿಗೆ ಮರೆಯದ ಹಾಗೆ. ಬೇರೆ ಯಾವುದಕ್ಕೂ ಗೊಂದಲವಾಗದಿರಲೆಂದು ಅಂಗಡಿಯ ವೈಫೈ ಆರಿಸಿದಳು.

ಲ್ಯಾಪ್‌ಟಾಪನ್ನು ಬೆಂಚಿನ ಕಡೆ ತಿರುಗಿಸಿದಳು.

“ಗುರವ್ವ, ಈ ಅಂಕಿ ನೋಡ್ತಾ ಇರು. ಈಗ ಒಂದು ಇದೆ. ಅದು ನನ್ನ ಕಂಪ್ಯೂಟರ್ರು. ಎರಡಾದ್ರೆ ಹೇಳು.”

“ಎರಡಾದ್ರ?”

“ಆದ್ರೆ ನಿನ್ನ ಮಗ ಮನೆಗೆ ಬಂದ ಅಂತ.”

ಗುರವ್ವ ಸೆರಗು ಬಿಗಿದುಕೊಂಡು, ಹಾಲು ಉಕ್ಕದಂತೆ ಕಾಯುವವಳ ಹಾಗೆ ಕೂತಳು.

ಆಮೇಲೆ ಕುಸುಮಾ ಮೈದುನ ಜೀವನ್‌ಗೆ ಫೋನ್ ಮಾಡಿದಳು.

*

ಜೀವನ್ ನಾಲ್ಕು ಗಂಟೆಗೆ ಬಂದ. ನಾಯಂಡಹಳ್ಳಿಯ ಹಳೇ ಹೊಲ ಗೋಡೌನುಗಳಾದ ಮೇಲೆ ಅದರ ಬಾಡಿಗೆಯಲ್ಲಿ ಬದುಕುವವನು. ಅಣ್ಣನ ಲೇತ್ ಶೆಡ್ಡು ಒಂದು ಮಧ್ಯದಲ್ಲಿ ಹಲ್ಲಿಗೆ ಸಿಕ್ಕ ನಾರಿನಂತೆ ಉಳಿದಿತ್ತು. ತೆಗೆದುಬಿಡು ಎಂದು ಎರಡು ವರ್ಷದಿಂದ ಜಗಳ. ಆ ಸಂಜೆ ಪೂರ್ತಿ ಕೆಂಗೇರಿಯಲ್ಲಿದ್ದೆ ಎಂದು ಪೊಲೀಸರಿಗೆ ಬರೆದುಕೊಟ್ಟಿದ್ದ.

ಗುರವ್ವನನ್ನು ನೋಡಿ ಮುಖ ಸಿಂಡರಿಸಿದ. “ಏನತ್ತಿಗೆ, ಇವ್ರಿಗೆ ಇಲ್ಲೇ ಚಾಪೆ ಹಾಸಿದೀರಾ?”

“ಕೂತ್ಕೊಳಿ ಜೀವನ್. ಫೋನು ಎರಡೂ ತೆಗೆದು ಇಲ್ಲಿಡಿ. ವೈಫೈ ಆನ್ ಇರ್ಲಿ.”

“ಯಾಕೆ, ಸ್ಕ್ರೀನ್ ಗಾರ್ಡ್ ಹಾಕ್ಕೊಡ್ತೀರಾ?” ನಗುತ್ತಲೇ ಎರಡು ಫೋನನ್ನೂ ಗಾಜಿನ ಮೇಲಿಟ್ಟ. ಎರಡೂ ಅವನವೇ. ಒಂದು ನಿಮಿಷ ಆಯಿತು, ಎರಡಾಯಿತು. ಕುಸುಮಾ ಗುರವ್ವನ ಕಡೆ ನೋಡಿದಳು. ಗುರವ್ವ ತಲೆ ಅಡ್ಡಡ್ಡ ಆಡಿಸಿದಳು.

“ನಿಮ್ಮ ಹೆಬ್ಬೆರಳು ಕೊಡಿ.”

“ಏನ್ ಅತ್ತಿಗೆ, ಆಸ್ತಿ ಬರ್ಕೊಡ್ಬೇಕಾ?”

“ಇದರ ಮೇಲೆ ಇಡಿ. ಮುಟ್ಟಬೇಡಿ, ಹತ್ರ ಹಿಡೀರಿ.”

ಅವನು ಹಿಡಿದ. ಒರೆಸಿದ ಗೆರೆ ತೆಳ್ಳಗಿತ್ತು, ಎಳೇ ಬೆಂಡೆಕಾಯಿಯಷ್ಟು ಅಗಲ. ಜೀವನ್‌ನ ಹೆಬ್ಬೆರಳು ಅದರ ಎರಡೂ ಕಡೆ ಚಾಚಿ ನಿಂತಿತು.

“ಓ, ವಿಭೂತಿ ಒರೆಸಿರೋದು ಯಾರು ಅಂತ ನೋಡ್ತಿದೀರಾ?” ಅವನ ನಗು ಈಗ ತೆಳ್ಳಗಾಯಿತು. “ನಾನು ಒರೆಸ್ತೀನಾ? ಒರೆಸಿದ್ರೆ ಅಣ್ಣ ಕೈ ಮುರೀತಿದ್ದ. ಅತ್ತಿಗೆ, ಆ ಡಬ್ಬಿ ಬಿಟ್ಹಾಕಿ. ಇಷ್ಟೆಲ್ಲ ಯಾಕೆ, ರೀಸೆಟ್ ಒತ್ತಿದ್ರೆ ಆಯ್ತಪ್ಪ. ನಾನು ಅವತ್ತೇ ಅಣ್ಣಂಗೆ ಹೇಳ್ದೆ, ಕೆಂಪು ದೀಪ ಬರ್ತಿದೆ, ಅತ್ತಿಗೆಗೆ ಕೊಡು ಅಂತ.”

ಅಂಗಡಿಯ ಮುಂದೆ ಒಂದು ಬಿಎಂಟಿಸಿ ಬಸ್ಸು ಏದುಸಿರು ಬಿಟ್ಟು ನಿಂತಿತು, ಹೋಯಿತು.

“ಯಾವತ್ತು ಜೀವನ್?”

“ಹಾಂ?”

“ಆ ಡಬ್ಬಿಗೆ ಕೆಂಪು ದೀಪ ಬಂದಿದ್ದು ಒಂದೇ ಸಂಜೆ. ಐದೂ ಎಂಟರ ಮೇಲೆ. ಅದಕ್ಕೆ ಮುಂಚೆ ನೆಟ್ ಹೋದಾಗೆಲ್ಲ ಹಳದಿ ದೀಪ, ಕೆಂಪು ಒಂದು ದಿನಾನೂ ಬಂದಿಲ್ಲ. ಎಲ್ಲಾ ಬರೆದಿದೆ.” ಅವಳ ದನಿ ಏರಲಿಲ್ಲ. “ಕೆಂಗೇರಿಯಿಂದ ಕಾಣಿಸ್ತಾ ನಿಮಗೆ?”

ಜೀವನ್ ಒಂದು ಫೋನ್ ಎತ್ತಿಕೊಂಡ. ಇನ್ನೊಂದಕ್ಕೆ ಕೈ ಹಾಕಿ, ಹಾಗೇ ಬಿಟ್ಟ.

“ಹೋಗಿದ್ದೆ” ಅಂದ ಕೊನೆಗೆ. “ಆರು ಗಂಟೆ ದಾಟಿತ್ತು. ಜಗಳ ಆಯ್ತು. ಯಾವಾಗ್ಲೂ ಆಗೋದೇ. ನಾನು ಹೊರಟಾಗ ಅಣ್ಣ ಏಣಿ ಹತ್ರ ನಿಂತು ಬೈತಾ ಇದ್ದ. ಸಿಟ್ಟು ಬಂತು, ಶಟರ್ ಎಳೆದು ಬಿಟ್ಟೆ. ಅಷ್ಟೇ ಅತ್ತಿಗೆ. ದೇವರಾಣೆಗೂ ಅಷ್ಟೇ.”

“ಶಟರ್ ಪೂರ್ತಿ ಎಳೆದ್ರಾ?”

“ಎಳೆದೆ.”

ಆ ಶಟರಿನ ಹೊರಗಿನ ಕೊಂಡಿ ಸಡಿಲ. ಪೂರ್ತಿ ಎಳೆದರೆ ತಾನೇ ಬಿದ್ದು ಕಚ್ಚಿಕೊಳ್ಳುತ್ತೆ. ಒಳಗಿದ್ದವರು ಕೂಗಬೇಕು, ಹೊರಗಿಂದ ಯಾರಾದರೂ ತೆಗೀಬೇಕು. ಎರಡು ಸಲ ಗಿರಿರಾಜನೇ ಸಿಕ್ಕಿಕೊಂಡಿದ್ದ.

ಬೆಂಚಿನಿಂದ ಗುರವ್ವ ಕೇಳಿದಳು, ಅಂಕಿಯಿಂದ ಕಣ್ಣು ಕೀಳದೆ. “ಆರರ ಮ್ಯಾಲ ಜೀವಂತ ನೋಡೀಯೇನಪ್ಪಾ ನಿಮ್ಮಣ್ಣಗ? ಮತ್ತ ನನ್ನ ಮಗನ್ನ ಯಾಕ ಬಿಟ್ಟಿ ಜೈಲಿಗೆ?”

ಜೀವನ್ ಅವಳ ಕಡೆ ತಿರುಗಲಿಲ್ಲ. “ಹೇಳಿದ್ರೆ ನನ್ನ ಹಾಕ್ತಿದ್ರು ಅತ್ತಿಗೆ. ಜಗಳ ಇರೋದು ಊರಿಗೇ ಗೊತ್ತು.”

“ನಾಳೆ ಬಂದು ಇದನ್ನೇ ಹೇಳಿ.”

“ಹೇಳಲ್ಲ.” ಎರಡನೇ ಫೋನನ್ನೂ ಜೇಬಿಗೆ ಇಳಿಸಿದ. “ನಾನು ಇಲ್ಲಿ ಏನೂ ಹೇಳೇ ಇಲ್ಲ. ಸಾಕ್ಷಿ ಯಾರು? ಇವಳಾ? ಆ ಕೆಂಪು ದೀಪದ ಡಬ್ಬಿನಾ?” ಮೆಟ್ಟಿಲಿಳಿಯುತ್ತ ನಿಂತು, ಸ್ವಲ್ಪ ಮೆತ್ತಗೆ ಹೇಳಿದ, “ನೀವು ಊಟ ಮಾಡಿ ಅತ್ತಿಗೆ. ನೋಡಕ್ಕಾಗ್ತಿಲ್ಲ ನಿಮ್ಮನ್ನ.”

ಅವನು ಹೋದ ಮೇಲೂ ಕುಸುಮಾ ಡಬ್ಬಿಯನ್ನೇ ನೋಡುತ್ತಿದ್ದಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಂದದ್ದು ಒಂದು ಲೆಕ್ಕ ಮಾತ್ರ. ಜೀವನ್ ಶಟರ್ ಎಳೆದಾಗ ಒಳಗೆ ಗಿರಿರಾಜನ ಜೊತೆ ಇನ್ನೊಬ್ಬರಿದ್ದರು. ಅಟ್ಟದ ಮೇಲೋ, ಕಬ್ಬಿಣದ ರಾಶಿಯ ಹಿಂದೋ, ಜೀವನ್‌ಗೆ ಕಾಣದ ಹಾಗೆ. ಸಣ್ಣ ಬೆರಳಿನವರು. ಲೇಬಲ್ಲಿನ ಆರು ಸಾಲಿನಲ್ಲಿ ಯಾವ ಸಾಲು ಬೇಕೆಂದು ಬೂದಿಯ ಅಡಿಯಲ್ಲೂ ತಿಳಿದವರು.

ಆ ವಿದ್ಯೆ ಬಲ್ಲವರು ಎಷ್ಟು ಜನ?

ಅವಳಿಗೆ ಗೊತ್ತಿರುವ ಹಾಗೆ, ಈ ಅಂಗಡಿಯಲ್ಲಿ ಕಲಿತವರು ಮಾತ್ರ. ಇಲ್ಲಿ ಕಲಿತವರು—

“ಯವ್ವಾ” ಅಂದಳು ಗುರವ್ವ. “ಎರಡಾತು.”

ಕುಸುಮಾ ತಲೆ ಎತ್ತಿದಳು.

ಮೆಟ್ಟಿಲ ಮೇಲೆ ಅನು ನಿಂತಿದ್ದಳು. ಕಾಲೇಜಿನ ಬ್ಯಾಗು ಎದೆಗವಚಿಕೊಂಡಿದ್ದಳು. ಇದೇ ಬೆಂಚಿನ ಮೇಲೆ ಕೂತು ಸ್ಕ್ರೀನ್ ಗಾರ್ಡ್ ಅಂಟಿಸಿ ಬೆಳೆದ ಹುಡುಗಿ. ಏಳು ವರ್ಷದವಳಿದ್ದಾಗ ಕುಸುಮಾ ಅವಳ ಬೆರಳು ಹಿಡಿದು ತೋರಿಸಿದ್ದಳು: ಯಾವ ಡಬ್ಬಿ ಮರೆತರೂ ಬೆನ್ನು ತಿರುಗಿಸಬೇಕು ಪುಟ್ಟಿ, ಈ ಕಂಪನೀದು ಯಾವಾಗ್ಲೂ ನಾಲ್ಕನೇ ಸಾಲು.

ಲ್ಯಾಪ್‌ಟಾಪಿನ ಮೇಲೆ ಹೊಸ ಹೆಸರು. ಗಿರಿ ಲೇತ್.

“ಅಮ್ಮ” ಅನು ಅಂದಳು. ಅವಳ ಕಣ್ಣು ತಾಯಿಯ ಮೇಲಿರಲಿಲ್ಲ, ಬೆನ್ನು ಮೇಲಾಗಿ ಬಿದ್ದಿದ್ದ ಡಬ್ಬಿಯ ಮೇಲಿತ್ತು. “ಇಷ್ಟು ದಿನ ಆಫ್ ಮಾಡಿಟ್ಟಿದ್ದೆ. ಈಗ್ತಾನೆ, ಇಲ್ಲೇ ಹೊರಗೆ ನಿಂತು ಆನ್ ಮಾಡ್ದೆ. ನಿನಗೆ ಕೊಡೋಣ ಅಂತ. ನಾಳೆ ಅಮರಣ್ಣನ್ನ ಬಿಡಲ್ವಂತಲ್ಲ...”

ಬ್ಯಾಗಿನೊಳಗಿಂದ ಕೈ ಹೊರಬಂತು. ಒಡೆದ ಗಾಜಿನ ಫೋನು. ಗಾಜಿನ ಬಿರುಕಿನೊಳಗೆ ಕಂದು ಬಣ್ಣ ಒಣಗಿ ಕೂತಿತ್ತು. ಅದನ್ನು ಹಿಡಿದ ಹೆಬ್ಬೆರಳು ಸಣ್ಣದು.

ಕುಸುಮಾ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು.

“ಯಾರದವ್ವಾ ಅದು ಫೋನು?” ಗುರವ್ವ ಎದ್ದು ನಿಂತಿದ್ದಳು. “ಎರಡಾತಲ್ಲ. ನನ್ನ ಮಗ ಬಂದಂಗ ಅಂದಿಯಲ್ಲ ನೀ. ಯಾರದು, ಹೇಳು ತಂಗಿ.”

ಉತ್ತರ ಕೊಟ್ಟದ್ದು ಗಾಜಿನ ಮೇಲಿದ್ದ ಕುಸುಮಾಳ ಫೋನು. ಒಮ್ಮೆ ನಡುಗಿ, ಬೆಳಗಿತು.

ಆರೂ ನಲವತ್ತೆರಡರಿಂದ ಹನ್ನೊಂದು ಸಲ ಬಾಗಿಲು ತಟ್ಟಿ, ತೆರೆಯದೆ ಇಪ್ಪತ್ತೆರಡು ದಿನ ಒಳಗೇ ಕೂತಿದ್ದು, ಹಸಿರು ದೀಪ ಕಂಡ ಕೂಡಲೇ ಹೊರಟು ಬಂದಿತ್ತು. ಗಂಡನ ಹೆಸರಿನಿಂದ ಒಂದು ಧ್ವನಿ ಸಂದೇಶ. ನಲವತ್ತೊಂದು ಸೆಕೆಂಡು.

“ಅಮ್ಮ, ಅದನ್ನ ಒತ್ತಬೇಡ” ಅಂದಳು ಅನು. “ಆಂಟಿ ಮುಂದೆ ಬೇಡ.”

ಕುಸುಮಾ ಗುರವ್ವನ ಮುಖ ನೋಡಿದಳು. ಮಗಳ ಮುಖ ನೋಡಿದಳು. ಎದೆಯೊಳಗಿನ ಸೂಜಿಮದ್ದು ಇಳಿಯುತ್ತಿತ್ತು. ಎಲ್ಲೋ ಒಂದು ಮೂಲೆಯಲ್ಲಿ ನೋವು ಕಣ್ಣು ಬಿಡುತ್ತಿತ್ತು.

ಕೈ ಮಾತ್ರ, ಹದಿನಾರು ವರ್ಷದ ಕೈ, ತನ್ನ ಪಾಡಿಗೆ ತಾನು ಹೊರಟಿತ್ತು. ಈ ಸಲ ತಲೆ ತಡೆಯಲಿಲ್ಲ.

ಮೊದಲು ಬಂದದ್ದು ತಗಡಿನ ಶಟರನ್ನು ಒಳಗಿಂದ ಗುದ್ದುವ ಸದ್ದು. ಆಮೇಲೆ ಗಿರಿರಾಜನ ದನಿ, ಹತ್ತಿರದಿಂದ, ನಿಧಾನವಾಗಿ:

“ಕುಸುಮಾ, ಮಗೂನ ಬೈಬೇಡ. ಅವಳು ತಳ್ಳಿದ್ದು ನನ್ನನ್ನಲ್ಲ, ಏಣೀನ. ನಾನು ಹತ್ತಿದ್ದು ಅವಳಿಗೆ ಕಾಣ್ಲಿಲ್ಲ...”